ಚಾವಣಿಯ ತೆರಪು

ವಿಶ್ವವಿದ್ಯಾಲಯದ ಪ್ರಾರ್ಥನಾ ಮಂದಿರ, ಆ ಚಾಪೆಲ್ ಕಟ್ಟಿದವರು ವಾಸ್ತುಶಿಲ್ಪಿಯಾಗಿದ್ದ ಅವಳ ಅಪ್ಪ. ಬಣ್ಣ ಕಾಣದ ಕಾಂಕ್ರೀಟ್ ಗೋಡೆಗಳು. ತೂಗುಹಾಕಿದ ಗಂಟೆಯಿಲ್ಲ, ಒಂದು ಚಿತ್ರ ಇಲ್ಲ. ಚಾವಣಿಯ ನಡುವೆ ಚೌಕವಾದ ತೆರಪು, ಅದರಲ್ಲಿ ಒಂದನ್ನೊಂದು ಅಡ್ಡಹಾಯುವ ಎರಡು ತೊಲೆಗಳು. ಬಿಸಿಲಿದ್ದರೆ ಅವುಗಳ ನೆರಳೇ ನೆಲದ ಮೇಲೆ ಶಿಲುಬೆಯಾಗಬೇಕು, ಮಳೆ ಬಂದರೆ ಕೆಳಗಿನ ಕಪ್ಪು ಕಲ್ಲಿನ ಬೋಗುಣಿ ತುಂಬಬೇಕು. ಕೊಡೆ ಹಿಡಿದು ದೇವರ ಹತ್ತಿರ ಹೋಗುವ ಜಾಗ ಇದೊಂದೇ ಎಂದು ವಿದ್ಯಾರ್ಥಿಗಳು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡು ಎನ್ನುತ್ತಿದ್ದರು ಅಪ್ಪ. ದುಃಖ ಹೊತ್ತು ಬಂದವರ ತಲೆಯ ಮೇಲೆ ಮುಚ್ಚಳ ಹಾಕಬಾರದು, ಅಷ್ಟೇ ಅವರ ವಾದ.

ಆ ತೆರಪನ್ನು ಹೋದ ತಿಂಗಳು ಮುಚ್ಚಿಸಿದವಳು ಅವಳೇ. ಅಲ್ಲಿನ ಕಟ್ಟಡಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಅವಳು. ಒದ್ದೆ ನೆಲದಲ್ಲಿ ಹುಡುಗಿಯೊಬ್ಬಳು ಜಾರಿ ಸೊಂಟ ಮುರಿದುಕೊಂಡ ಮೇಲೆ ಕುಲಸಚಿವರು ಗಾಜು ಹಾಕಿಸಿ ಎಂದರು. ಬೇಡವೆನ್ನಲಾಗದೆ ನಕ್ಷೆ ಬರೆದುಕೊಟ್ಟಳು. ಮನೆಯಲ್ಲಿ ತುಟಿಪಿಟಕ್ಕೆನ್ನಲಿಲ್ಲ. ಅಪ್ಪನಿಗೆ ಕಣ್ಣು ಪೂರ್ತಿ ಹೋಗಿತ್ತು, ಗೊತ್ತಾಗುವುದಾದರೂ ಹೇಗೆ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡಿದ್ದಳು.

ಮೋಡ ಕವಿದ ಆ ಮಧ್ಯಾಹ್ನ ಚಾಪೆಲ್‌ಗೆ ಕರೆದುಕೊಂಡು ಹೋಗು ಎಂದು ಅಪ್ಪ ಹಟ ಹಿಡಿದರು. ಕಟ್ಟಿದ್ದೊಂದೂ ಈಗ ಕಣ್ಣಿಗಿಲ್ಲ, ಮಳೆ ಬಂದಾಗ ಅಲ್ಲಿ ಕೈಯೊಡ್ಡಿದರೆ ಅದೊಂದಾದರೂ ಕೈಗೆ ಸಿಗುತ್ತದೆ ಎಂದರು. ನೆಗಡಿ, ಜ್ವರ ಎಂದು ಅವಳು ತೆಗೆದ ನೆಪ ಒಂದೂ ನಡೆಯಲಿಲ್ಲ.

ಬೋಗುಣಿಯ ಪಕ್ಕದ ಬೆಂಚಿನಲ್ಲಿ ಕೂರಿಸಿದಳು. ಮಳೆ ಶುರುವಾಯಿತು. ಅಪ್ಪ ಅಂಗೈ ಬಿಚ್ಚಿ ಮುಂದೆ ಚಾಚಿದರು. ಮೇಲೆ ಪಟಪಟ ಸದ್ದು. ಅಂಗೈ ಮಾತ್ರ ಒಣಗಿಯೇ ಇತ್ತು. ತಾವೇ ಜಾಗ ತಪ್ಪಿ ಕುಳಿತವರಂತೆ ಸ್ವಲ್ಪ ಈಚೆ ಸರಿದು ಮತ್ತೆ ಚಾಚಿದರು. ಆಮೇಲೆ ಬೋಗುಣಿಯ ಅಂಚು ತಡವಿ ಒಳಗೆ ಬೆರಳಾಡಿಸಿದರು. ಧೂಳು ಹತ್ತಿತು. ಆ ಕೈ ಹಿಡಿದು ಹಿಂದಕ್ಕೆ ತೆಗೆಯಬೇಕೆನಿಸಿತು ಅವಳಿಗೆ, ಆಗಲಿಲ್ಲ.

"ಗಾಜಾ?" ಎಂದರು ಅಪ್ಪ.

"ಹೂಂ ಅಪ್ಪ."

"ಯಾರ ಕೆಲಸ?"

"ನಂದೇ."

ಅಪ್ಪ ತಲೆಯೆತ್ತಿ ಸದ್ದನ್ನು ಆಲಿಸುತ್ತ ಕುಳಿತರು. ಬಯ್ಯಲಿ ಎಂದು ಅವಳು ಕಾದಳು.

"ಇಳಿಜಾರು ಸರಿಯಾಗಿ ಕೊಟ್ಟಿದೀಯಾ? ಮಧ್ಯೆ ನೀರು ನಿಲ್ಲಬಾರದು."

"ಕೊಟ್ಟಿದೀನಿ. ಒಂದು ಹನೀನೂ ಸೋರಲ್ಲ."

"ಪರವಾಗಿಲ್ವೇ. ನನ್ನ ಕೈಲಿ ಯಾವ ಕಟ್ಟಡದಲ್ಲೂ ಅದು ಆಗಲಿಲ್ಲ."

ನಗುವಂತೆಯೇ ಹೇಳಿದ್ದರು. ಅವಳಿಗೆ ನಗು ಬರಲಿಲ್ಲ. ಅವರು ಬೆರಳಿನ ಧೂಳನ್ನು ಕೋಟಿಗೆ ಒರೆಸಿಕೊಂಡು, ಇನ್ನು ಮನೆಗೆ ಹೋಗೋಣ ಎಂದು ಎದ್ದರು.

ಹೊರಗೆ ಮಳೆ ಜೋರಾಗಿತ್ತು. ಅವರ ಮೊಣಕೈ ಹಿಡಿದುಕೊಂಡು ಅವಳು ಬೇಕೆಂದೇ ಕೊಡೆ ಬಿಚ್ಚದೆ, ಮೆಲ್ಲಗೆ, ಬಯಲಿನಲ್ಲೇ ನಡೆಸಿದಳು. ಅಪ್ಪ ಎರಡು ಕೈಗಳನ್ನೂ ಜೇಬಿನಲ್ಲಿ ಇಟ್ಟುಕೊಂಡಿದ್ದರು.