ಸ್ಪ್ಯಾನರ್ ನನ್ನ ಸೊಂಟದಲ್ಲಿತ್ತು

ಹಳೆಯ ಎಸಿಯಿಂದ ಗ್ಯಾಸ್ ಎಳೆದು ತುಂಬಿಸಿಕೊಳ್ಳುವ ಸಿಲಿಂಡರು ನಮ್ಮ ರಿಪೇರಿ ಅಂಗಡಿಯ ಬಾಗಿಲು ಬಡಿಯದಂತೆ ಅಡ್ಡ ನಿಂತಿತ್ತು. ಎಳೆಯುವ ಯಂತ್ರದ ಮೇಲೆ ಅತ್ತೆ ಹೂವಿನ ಕುಂಡ ಇಟ್ಟಿದ್ದರು.

"ಕೂತು ಪಾಠ ಕೇಳೋಕೆ ನನಗೆ ಬೇರೆ ಕೆಲಸ ಇಲ್ವಾ? ನೀನೇ ಹೋಗಿ ಬಾ, ಊಟಾನೂ ಹಾಕ್ತಾರೆ" ಎಂದು ಇವರು ಗ್ಯಾಸ್ ಎಳೆಯುವ ತರಬೇತಿಗೆ ನನ್ನನ್ನು ಕಳಿಸಿದ್ದರು. ಊಟ ಚೆನ್ನಾಗಿರಲಿಲ್ಲ. ಕೇಳಿದ ಮಾತು ಮಾತ್ರ ತಲೆಯಿಂದ ಇಳಿಯಲಿಲ್ಲ: ಬಿಸಿಲಿನ ಕೆಟ್ಟ ಕಿರಣಗಳನ್ನು ತಡೆಯುವ ಓಝೋನ್ ಪದರವನ್ನು ಈ ಗ್ಯಾಸು ತಿಂದುಹಾಕುತ್ತದೆ. ಒಂದು ಲೋಟ ಹಾಲು ಉಕ್ಕಿದರೆ ಬೀದಿಗೆಲ್ಲ ಕೇಳುವಂತೆ ರೇಗುವ ನನ್ನ ಗಂಡ, ಯಾರದೋ ಟೆರೇಸಿನ ಮೇಲೆ ನಟ್ಟು ಸಡಿಲಿಸಿ ಆ ಗ್ಯಾಸನ್ನು ಬುಸ್ಸೆಂದು ಆಕಾಶಕ್ಕೆ ಬಿಟ್ಟು, "ಮುಗೀತು" ಎಂದು ಕೈ ಒರೆಸಿಕೊಳ್ಳುತ್ತಿದ್ದರು.

ಇವತ್ತು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಳೆಯ ಎಸಿ ಕಳಚಬೇಕಿತ್ತು. ನಾನು ಕುಂಡ ಕೆಳಗಿಟ್ಟು, ಸಿಲಿಂಡರನ್ನೂ ಯಂತ್ರವನ್ನೂ ವ್ಯಾನಿಗೆ ಹಾಕಿದೆ. ಟೆರೇಸಿಗೂ ನಾನೇ ಹೊತ್ತೆ.

"ಇದೆಲ್ಲ ಯಾಕೆ? ಒಂದು ಗಂಟೆ ಹಿಡಿಯುತ್ತೆ ಕಣೆ. ಡಾಕ್ಟ್ರಮ್ಮ ಕೆಳಗೆ ಬೆವರ್ತಾ ಕೂತಿದಾರೆ."

"ಬೆವರ್ಲಿ. ಕರಗಿ ಹೋಗಲ್ಲ."

"ಒಂದು ಮಷೀನಿಂದ ಆಕಾಶ ತೂತಾಗಿಬಿಡುತ್ತಾ?"

"ಪ್ರತಿ ಸಲಾನೂ ನಿಮಗೆ ಅದು ಒಂದೇ ಮಷೀನು."

"ಓಹೋ, ಮೇಡಮ್ಮನವರು ಆಕಾಶಕ್ಕೆ ತೇಪೆ ಹಾಕೋಕೆ ಹೊರಟ್ರು. ಸೂಜಿ ದಾರ ತಂದಿದೀರಾ?"

ಏಣಿ ಹಿಡಿ ಅಂದಾಗ ಹಿಡಿದ, ಟೀ ತಾ ಅಂದಾಗ ತಂದ ಕೈಗಳು ಈಗ ಪೈಪು ಜೋಡಿಸುತ್ತಿದ್ದವು. ಯಂತ್ರ ಗುರ್ ಎಂದಿತು. ಸ್ವಲ್ಪ ಹೊತ್ತಿಗೆ ಸಿಲಿಂಡರು ಬಿಸಿಯಾಯಿತು. ತಣ್ಣೀರಿನಲ್ಲಿ ನಿಲ್ಲಿಸದಿದ್ದರೆ ಗ್ಯಾಸು ಒಳಗೆ ಹೋಗುವುದು ತೀರಾ ನಿಧಾನ. ನಲ್ಲಿ ಇದ್ದದ್ದು ಕೆಳಗೆ.

ನಾನು ಇಳಿದು ಹೋದರೆ ಏನಾಗುತ್ತದೆಂದು ಗೊತ್ತಿತ್ತು. ಇವರ ಕಣ್ಣು ಆಗಲೇ ನಟ್ಟಿನ ಮೇಲಿತ್ತು. ಯಂತ್ರ ನಿಲ್ಲಿಸಿದೆ. ಆ ಅಳತೆಯ ಸ್ಪ್ಯಾನರು ನಮ್ಮಲ್ಲಿ ಇರುವುದೇ ಒಂದು. ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಏಯ್, ಎಲ್ಲಿಗೆ?"

"ನೀರಿಗೆ."

"ನೀರಿಗೆ ಸ್ಪ್ಯಾನರ್ ಯಾಕೆ?"

"ಜೊತೆಗಿರ್ಲಿ ಅಂತ."

ಕೆಳಗೆ ಡಾಕ್ಟರು ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. "ಇನ್ನೂ ಆಗ್ಲಿಲ್ವಾ? ನಿಮ್ಮ ಯಜಮಾನ್ರು ಹತ್ತೇ ನಿಮಿಷ ಅಂದಿದ್ರು."

"ಅಂದಿದ್ದು ಅವರು ಮೇಡಂ. ಮಾಡ್ತಿರೋದು ನಾನು."

ತುಂಬಿದ ಬಕೆಟ್ ಹಿಡಿದು ಮೇಲೆ ಬಂದಾಗ ಇವರು ಎಸಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು. ನಟ್ಟಿಗೆ ಕರ್ಚೀಫು ಸುತ್ತಿತ್ತು. ಕೈಯಲ್ಲೇ ತಿರುಗಿಸಲು ನೋಡಿದ್ದರು. ನಟ್ಟು ಜಗ್ಗಿರಲಿಲ್ಲ.

"ಸ್ಪ್ಯಾನರ್ ಕೊಡೆ."

"ಕೊಡಲ್ಲ. ಬಕೆಟ್ ಹಿಡ್ಕೊಳ್ಳಿ, ಭಾರ ಇದೆ."

ಇವರು ನನ್ನ ಮುಖ ನೋಡಿದರು. ನಾನು ನೋಟ ಕದಲಿಸಲಿಲ್ಲ. ಕೊನೆಗೆ ಬಕೆಟ್ ಹಿಡಿದುಕೊಂಡರು. ಸಿಲಿಂಡರನ್ನು ನೀರಿಗಿಳಿಸಿ ಯಂತ್ರ ಮತ್ತೆ ಚಾಲು ಮಾಡಿದೆ.

"ಇನ್ಮೇಲೆ ಅಂಗಡಿ ಬಾಗಿಲಿಗೆ ಏನು ಇಡೋದು?" ಎಂದರು, ಮುಖ ಊದಿಸಿಕೊಂಡು.

"ಕಲ್ಲು ಇಡಿ," ಎಂದೆ.