ಕತ್ತರಿ ಭಾವನ ಫ್ಲಾಪಿ

"ಒಂದೇ ಒಂದು ಸಲ 'ರೀ' ಅನ್ನು," ಎಂದು ಭಾವ ನನ್ನನ್ನು ಕೇಳಿದರು.

ನನಗೆ ಐವತ್ತು ದಾಟಿದೆ, ಮೀಸೆಯಿದೆ, ನನ್ನನ್ನೇ 'ರೀ' ಎಂದು ಕರೆಯುವವಳೊಬ್ಬಳು ನನ್ನ ಮನೆಯಲ್ಲಿದ್ದಾಳೆ. ಅಕ್ಕನ ಗಂಡನನ್ನು ಹಾಗೆ ಕರೆಯುವ ಪ್ರಸಂಗ ಬಂದೀತೆಂದು ನಾನು ಎಣಿಸಿರಲಿಲ್ಲ.

"ಯಾಕೆ ಭಾವ, ಹುಷಾರಾಗಿದ್ದೀರಾ?"

"ನಿನ್ನ ಗಂಟಲೂ ಅವಳ ಗಂಟಲೂ ಒಂದೇ ಅಚ್ಚು ಅಂತ ನಿಮ್ಮಮ್ಮನೇ ಹೇಳ್ತಿದ್ರು. ಸ್ವಲ್ಪ ಸಣ್ಣ ದನಿ ಮಾಡು. ನಾನು ಕಣ್ಣು ಮುಚ್ಕೋತೀನಿ."

ಮುಚ್ಚಿಕೊಂಡೂ ಬಿಟ್ಟರು. ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅಂದೆ. ಭಾವ ಕಣ್ಣು ತೆರೆಯದೆಯೇ ತಲೆಯಾಡಿಸಿದರು.

"ಅಲ್ಲ. ನೀನಂದ್ರೆ ಕ್ಯೂನಲ್ಲಿ ಹಿಂದೆ ನಿಂತವರು ಜಗಳಕ್ಕೆ ಕರೆದ ಹಾಗಿದೆ."

ಇಷ್ಟಕ್ಕೂ ನನ್ನ ಅಕ್ಕ ಸತ್ತಿಲ್ಲ. ಆ ಹೊತ್ತಿಗೆ ಪಕ್ಕದ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಬಹಳ ವರ್ಷಗಳ ಹಿಂದೆ, ಫೋನುಗಳಿಗೆ ಇನ್ನೂ ಕ್ಯಾಮೆರಾದ ಕಣ್ಣು ಬಂದಿರದ ಕಾಲದಲ್ಲಿ, ಗಂಟಲಿನ ಗಂಟೊಂದಕ್ಕೆ ಆಪರೇಶನ್ ಮಾಡಿ ಅವಳ ದನಿಪೆಟ್ಟಿಗೆಯನ್ನೇ ತೆಗೆದರು. ಅಂದಿನಿಂದ ಕತ್ತಿನ ಸಣ್ಣ ತೂತಿನಿಂದ ಉಸಿರಾಡುತ್ತಾಳೆ, ಅದರ ಮೇಲೆ ತೆಳ್ಳನೆಯ ಬಟ್ಟೆ ಕಟ್ಟಿಕೊಳ್ಳುತ್ತಾಳೆ. ಕರೆಯಬೇಕಾದರೆ ಚಪ್ಪಾಳೆ, ಹೇಳಬೇಕಾದರೆ ಸ್ಲೇಟು. ಮೊದಲು ಹತ್ತು ವಾಕ್ಯದಲ್ಲಿ ಬೈಯುತ್ತಿದ್ದವಳು, ಸ್ಲೇಟಿನಲ್ಲಿ ಜಾಗ ಕಡಿಮೆಯಾದ್ದರಿಂದ ಒಂದೆರಡು ಪದಕ್ಕೆ ಇಳಿದಿದ್ದಾಳೆ. ಈಗ ಹೆಚ್ಚು ನಾಟುತ್ತದೆ.

ಅವಳು ಒಗ್ಗಿಕೊಂಡಳು. ಒಗ್ಗದವರು ಭಾವ. ಈಚೆಗೊಂದು ಬೆಳಿಗ್ಗೆ ಎದ್ದು ನೋಡಿದರೆ ಹೆಂಡತಿಯ ದನಿ ಹೇಗಿತ್ತೆಂಬುದು ತಲೆಯಿಂದ ಅಳಿಸಿಹೋಗಿತ್ತಂತೆ. ಅವಳು ಹಾಡಿದ ರಾಗಗಳು ನೆನಪಿವೆ, ಆಡಿದ ಮಾತುಗಳು ನೆನಪಿವೆ, ದನಿ ಮಾತ್ರ ಇಲ್ಲ. ಕನಸಿನಲ್ಲಿ ಬಂದು ಮಾತಾಡುತ್ತಾಳೆ, ಆದರೆ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಡವೆಂದು ಸಾರುವ ಹೆಂಗಸಿನ ದನಿಯಲ್ಲಿ. ಸತ್ತವರ ದನಿ ಮರೆತರೆ ಲೋಕ ಕ್ಷಮಿಸುತ್ತದೆ. ಎದುರಿಗೆ ಕೂತು ಕಾಫಿ ಕುಡಿಯುತ್ತಿರುವವಳ ದನಿ ಮರೆತುಹೋಯಿತೆಂದು ಯಾರ ಹತ್ತಿರ ಹೇಳಿಕೊಳ್ಳುವುದು? ನನ್ನ ಹತ್ತಿರ ಹೇಳಿಕೊಂಡರು. ಕೀಬೋರ್ಡ್ ಪಾಠಕ್ಕೆ ಬರುತ್ತಿದ್ದ ಮಕ್ಕಳನ್ನು ಕಳಿಸಿಬಿಟ್ಟಿದ್ದರು. ಗಡ್ಡ ಬಂದಿತ್ತು. ಊಟಕ್ಕೆ ಕೂತರೆ ಅನ್ನ ಆರಿ ತಣ್ಣಗಾಗುವವರೆಗೆ ಅಕ್ಕನ ಬಾಯಿಯನ್ನೇ ನೋಡುತ್ತಿದ್ದರು. ಅವಳು ಒಂದು ದಿನ ರೇಗಿ ಸ್ಲೇಟಿನಲ್ಲಿ ಬರೆದಳು: "ಹಲ್ಲಲ್ಲಿ ಏನಾದ್ರೂ ಸಿಕ್ಕಿದ್ಯಾ?"

ಇವರಿಬ್ಬರ ಕಸುಬನ್ನೂ ಹೇಳಿಬಿಡಬೇಕು. ಭಾವ ಕೀಬೋರ್ಡ್ ನುಡಿಸುವವರು. ಜಾಹೀರಾತಿನ ಹಾಡುಗಳಿಗೆ ಸಂಗೀತ ಕೂಡಿಸುತ್ತಿದ್ದರು. ಅಕ್ಕ ಕೋರಸ್ಸಿನವಳು. ಮುಂದೆ ನಿಂತವರು ಸೋಪನ್ನೋ ಹಲ್ಲುಪುಡಿಯನ್ನೋ ಹೊಗಳುವಾಗ ಹಿಂದೆ ನಿಂತು "ಆ..." ಅನ್ನುವವಳು. ಮನೆಯಲ್ಲಿದ್ದ ಕ್ಯಾಸೆಟ್ಟುಗಳನ್ನೆಲ್ಲ ಭಾವ ಮಿತವ್ಯಯದಿಂದ ಮತ್ತೆಮತ್ತೆ ಬಳಸಿ ಅವಳ ದನಿಯ ಮೇಲೆ ಬೇರೆಯವರದನ್ನು ತುಂಬಿದ್ದರು. ಜಾಹೀರಾತುಗಳಲ್ಲಿ ಹುಡುಕಿದರೆ ಹತ್ತು ಜನ ಒಟ್ಟಿಗೆ "ಆ" ಅನ್ನುತ್ತಾರೆ. ಅದರಲ್ಲಿ ನಮ್ಮವಳು ಯಾರು ಅಂತ ಆರಿಸುವುದು ಪಾಯಸದಲ್ಲಿ ಸಕ್ಕರೆ ಹುಡುಕಿದ ಹಾಗೆ.

ಉಳಿದದ್ದು ಒಂದು ಫ್ಲಾಪಿ. ಮೇಲೆ ಭಾವನ ಅಕ್ಷರದಲ್ಲಿ "ಕೋರಸ್, ಆ" ಎಂದಿತ್ತು. ಅದನ್ನು ಓದಬಲ್ಲದ್ದು ಮಂಚದ ಕೆಳಗೆ ಹಳೇ ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದ್ದ ಅವರ ಸ್ಯಾಂಪ್ಲರ್ ಒಂದೇ. ಒಂದು ಚೂರು ಸದ್ದನ್ನು ನುಂಗಿಕೊಂಡು, ಕೀಬೋರ್ಡಿನ ಯಾವ ಕೀ ಒತ್ತಿದರೂ ಆ ಶ್ರುತಿಗೆ ಅದನ್ನು ನುಡಿಸಿ ತೋರಿಸುವ ಕಬ್ಬಿಣದ ಪೆಟ್ಟಿಗೆ ಅದು. ಅಕ್ಕನ "ಆ"ವನ್ನು ಒಮ್ಮೆ ಅದಕ್ಕೆ ತಿನ್ನಿಸಿದ ಮೇಲೆ ಸ್ಟುಡಿಯೋದವರಿಗೆ ಅಕ್ಕನೇ ಬೇಕಾಗಲಿಲ್ಲ. ತನ್ನ ದನಿಯಿಂದಲೇ ತಾನು ಕೆಲಸ ಕಳೆದುಕೊಂಡ ಕಥೆಯನ್ನು ಅವಳು ಗಂಟಲಿದ್ದಷ್ಟು ದಿನ ಗಂಟಲೆತ್ತಿಯೇ ಹೇಳುತ್ತಿದ್ದಳು.

ಆ ಪೆಟ್ಟಿಗೆಯ ನೆನಪಿನಲ್ಲಿದ್ದ ಜಾಗ ಈಗಿನ ಒಂದು ಫೋಟೋಗೂ ಸಾಲದು. ಹಾಗಾಗಿ ಅದನ್ನು ನುಡಿಸುವವರಿಗೆಲ್ಲ ಕತ್ತರಿಸುವುದೇ ವಿದ್ಯೆ: ಸ್ವರ ಹುಟ್ಟುವ ಮುಂಚಿನ ಉಸಿರು, ಕೆಮ್ಮು, ಕುರ್ಚಿಯ ಕಿರ್ ಸದ್ದು ಎಲ್ಲವನ್ನೂ ಸವರಿ ಎಸೆಯಬೇಕು. ಈ ವಿದ್ಯೆಯಲ್ಲಿ ಭಾವನನ್ನು ಮೀರಿಸಿದವರಿರಲಿಲ್ಲ. ಸ್ಟುಡಿಯೋದಲ್ಲಿ ಅವರ ಹೆಸರೇ 'ಕತ್ತರಿ'. ಅದನ್ನು ಪದವಿಯ ಹಾಗೆ ಧರಿಸಿಕೊಂಡು ಓಡಾಡಿದ್ದರು.

ಪೆಟ್ಟಿಗೆಯನ್ನು ಇಬ್ಬರೂ ಸೇರಿ ಮೇಜಿನ ಮೇಲೆ ಹೇರಿದೆವು. ಫ್ಲಾಪಿ ತಿರುಗಿಸುವ ರಬ್ಬರ್ ಬೆಲ್ಟು ಕರಗಿ ಟಾರಿನಂತಾಗಿತ್ತು. ರಿಪೇರಿಯವನು ಮನೆಗೇ ಬಂದು ಬೇರೆ ಬೆಲ್ಟು ಹಾಕಿದ. ಆಮೇಲೆ "ಕೋರಸ್" ಫ್ಲಾಪಿಯ ಲೋಹದ ಮುಚ್ಚಳ ಸರಿಸಿ, ಒಳಗಿನ ಕಂದು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಕ್ಸ್‌ರೇ ನೋಡುವ ಡಾಕ್ಟರರಂತೆ ಕಣ್ಣು ಕಿರಿದು ಮಾಡಿದ.

"ಬೂಸ್ಟು ಹಿಡಿದಿದೆ, ಸರ್."

"ಒರೆಸಿದ್ರೆ?"

"ಒರೆಸ್ತೀನಿ. ಆದ್ರೆ ಓದುವಾಗ ಯಂತ್ರದ ಹೆಡ್ಡು ಇದನ್ನ ಉಜ್ಜುತ್ತೆ, ಪುಡಿ ಉದುರುತ್ತೆ. ಒಂದು ಸಲ ಓದಿದ್ರೆ ನಿಮ್ಮ ಪುಣ್ಯ. ಎರಡನೇ ಸಲದ ಮಾತು ನನ್ನನ್ನ ಕೇಳಬೇಡಿ."

ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಒರೆಸಿಕೊಟ್ಟು ಹೋದ. ಹೋಗುವಾಗ ಚಪ್ಪಲಿಯನ್ನು ಕೂಡ, ರೋಗಿಯ ಮನೆಯಿಂದ ಹೊರಡುವವರಂತೆ, ಸದ್ದಿಲ್ಲದೆ ಮೆಟ್ಟಿಕೊಂಡ.

ಭಾವ ಸ್ವಿಚ್ ಹಾಕಿದರು. ಆ ಕಾಲದ ಯಂತ್ರಕ್ಕೆ ಪ್ರತಿ ಸಲ ಎಚ್ಚರವಾದಾಗಲೂ ತಾನು ಯಾರೆಂದೇ ತಿಳಿದಿರುವುದಿಲ್ಲ. ಮೊದಲು ಬೇರೊಂದು ಫ್ಲಾಪಿ ಹಾಕಿ, ನೀನೊಂದು ಸ್ಯಾಂಪ್ಲರಪ್ಪಾ ಎಂದು ನೆನಪಿಸಬೇಕು. ನೆನಪಿಸಿದೆವು. ಮಂಕು ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. ಓದಲು ಟಾರ್ಚು ಹಿಡಿಯಬೇಕಾಯಿತು. ಕೀಬೋರ್ಡಿನಿಂದ ಪೆಟ್ಟಿಗೆಗೆ ಒಂದು ವೈರು, ಪೆಟ್ಟಿಗೆಯಿಂದ ಸ್ಪೀಕರಿಗೆ ಇನ್ನೊಂದು. ಭಾವನ ಕೈಯಲ್ಲಿ ವೈರಿನ ತುದಿ ಕಿಂಡಿಯ ಸುತ್ತ ಅಲೆಯುತ್ತಿತ್ತೇ ಹೊರತು ಒಳಗೆ ಹೋಗುತ್ತಿರಲಿಲ್ಲ. ನಾನೇ ಸಿಕ್ಕಿಸಿದೆ.

ಅಡುಗೆಮನೆಯಿಂದ ಚಪ್ಪಾಳೆ ಕೇಳಿತು. ಊಟ ಸಿದ್ಧ ಅಂತ.

"ಬಂದೆ, ಬಂದೆ," ಅಂದರು ಭಾವ, ಬರುವ ಲಕ್ಷಣವಿಲ್ಲದ ದನಿಯಲ್ಲಿ. "ಕೋರಸ್" ಫ್ಲಾಪಿಯನ್ನು ಎರಡೂ ಕೈಯಿಂದ ಒಳಗೆ ತಳ್ಳಿದರು.

ಪೆಟ್ಟಿಗೆ ಗೊರಗೊರ ಅಂದಿತು. ನಿಂತಿತು. ಮತ್ತೆ ಗೊರಗೊರ. ಭಾವ ನನ್ನ ಮಣಿಕಟ್ಟು ಹಿಡಿದಿದ್ದರು, ಉಗುರು ಊರುತ್ತಿತ್ತು. ಕೊನೆಗೆ ಒಳಗೇನೋ ಕಡಿದಂತಾಗಿ ಮೌನ. ಪರದೆ "ಸಿದ್ಧ" ಎಂಬರ್ಥದ ಪದವೊಂದನ್ನು ತೋರಿಸಿತು.

ಭಾವ ನಡುವಿನ ಕೀ ಒತ್ತಿದರು. "ಕೀಂ" ಅಂತ ಇಲಿಯ ಕೂಗು ಬಂತು.

ಮತ್ತೊಮ್ಮೆ ಒತ್ತಿದರು. ಅದೇ ಇಲಿ. ಬಲಕ್ಕೆ ಸರಿದು ಒತ್ತಿದರು. ಇಲಿಯ ಮರಿ.

"ಹೋಯ್ತು," ಅಂದರು. "ಬೂಸ್ಟು ತಿಂದುಬಿಡ್ತು. ಇವಳನ್ನ ತಿಂದುಬಿಡ್ತು ಕಣೋ." ಕುರ್ಚಿಯಿಂದ ನೆಲಕ್ಕೆ ಜಾರಿ, ಮೇಜಿನ ಕಾಲಿಗೆ ಒರಗಿ ಕೂತರು. ದೊಡ್ಡ ಮನುಷ್ಯರು ಅಳುವುದನ್ನು ನೋಡಲು ನಿಂತರೂ ತಪ್ಪು, ಹೊರಗೆ ಹೋದರೂ ತಪ್ಪು. ನಾನು ಟಾರ್ಚನ್ನು ಆರಿಸಿದೆ, ಅಷ್ಟೇ ಸಾಧ್ಯವಾದದ್ದು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಸೌಟು. ನೆಲದ ಮೇಲಿನ ಗಂಡನನ್ನು ನೋಡಿದಳು, ಪೆಟ್ಟಿಗೆ ನೋಡಿದಳು, ನನ್ನನ್ನು ನೋಡಿ ಹುಬ್ಬು ಹಾರಿಸಿದಳು. ಆಮೇಲೆ ಬಂದು, ಸೌಟನ್ನು ನನ್ನ ಕೈಗೆ ಕೊಟ್ಟು, ಒದ್ದೆ ಬೆರಳಿನಿಂದ ಕೀಬೋರ್ಡಿನ ಎಡಕ್ಕೆ, ಬಹಳ ಎಡಕ್ಕೆ ಒಂದು ಕೀ ಒತ್ತಿದಳು.

"ಆ..."

ಕೋಣೆಯಲ್ಲಿ ನನ್ನ ಅಕ್ಕ ಹಾಡುತ್ತಿದ್ದಳು. ಬೆರಳು ತೆಗೆಯುವವರೆಗೂ ಹಾಡಿದಳು. ಸ್ಲೇಟು ತೆಗೆದುಕೊಂಡು ಬರೆದಳು: "ಡಬಲ್ ಸ್ಪೀಡು. ಮರೆತ್ರಾ?"

ಜಾಗ ಉಳಿಸಲು ಟೇಪನ್ನು ಇಮ್ಮಡಿ ವೇಗದಲ್ಲಿ ಓಡಿಸಿ ಪೆಟ್ಟಿಗೆಗೆ ತುಂಬುವುದು, ನುಡಿಸುವಾಗ ಕೆಳಗಿನ ಕೀ ಒತ್ತಿ ಮೂಲ ದನಿಗೆ ಇಳಿಸುವುದು ಅವರ ಕಸುಬಿನ ಹಳೆಯ ಉಪಾಯವಂತೆ. ಅವತ್ತು ತಾನು ಇಲಿಯಾದದ್ದು ಅಕ್ಕನಿಗೆ ನೆನಪಿತ್ತು. ಇಲಿ ಮಾಡಿದವರಿಗೆ ಇರಲಿಲ್ಲ. ಹೆದರಿದ ಮನುಷ್ಯನಿಗೆ ಮೊದಲು ಕೈಬಿಡುವುದು ಅವನ ಕಸುಬು.

ಭಾವ ಎದ್ದು ಆ ಕೀಗೆ ಅಂಟಿಕೊಂಡರು. "ಆ..." ಎಷ್ಟು ಹೊತ್ತು ಒತ್ತಿದರೆ ಅಷ್ಟು ಹೊತ್ತು ಉಸಿರೇ ಬೇಡದ "ಆ". ಕೇಳುತ್ತ ಕೇಳುತ್ತ ಅವರ ಮುಖದ ಬೆಳಕು ಮೆಲ್ಲಗೆ ಆರಿತು.

"ಇದು ನೀನಲ್ಲ," ಅಂದರು ಅಕ್ಕನಿಗೆ.

ಅವಳು ಬರೆದಳು: "ಡ್ಯೂಟಿ ಮೇಲಿದ್ದೆ."

"ನೀನು ನನ್ನನ್ನ ಕರೀತಿದ್ದದ್ದು ಬೇಕು. ಹಿಂದೆ ಮುಂದೆ ಏನಾದ್ರೂ ಮಾತು ಇದ್ದೀತು." ಸದ್ದು ಎಲ್ಲಿಂದ ಶುರುವಾಗಬೇಕೆಂದು ಹೇಳುವ ಗುಂಡಿಯನ್ನು ಹಿಂದಕ್ಕೆ ತಿರುಗಿಸಹೋದರು. ತಿರುಗಲಿಲ್ಲ. ಅದು ಸೊನ್ನೆಯಲ್ಲೇ ಇತ್ತು. "ಆ"ಕ್ಕೆ ಮುಂಚೆ ಒಂದು ಉಸಿರಿನ ಎಳೆಯೂ ಇಲ್ಲದಂತೆ, ಬ್ಲೇಡಿನಲ್ಲಿ ಕೊಯ್ದ ಹಾಗೆ ಸವರಿದ್ದರು. ಕತ್ತರಿ ಎಂಬ ಹೆಸರು ಪುಕ್ಕಟೆ ಬಂದದ್ದಲ್ಲ.

"ನೋಡು," ಅಂದರು ನನಗೆ, ಗುಂಡಿಯನ್ನು ಸೊನ್ನೆಗೆ ಒತ್ತಿ ಒತ್ತಿ. "ಎಷ್ಟು ನೀಟಾಗಿ ಎಸೆದಿದ್ದೀನಿ ನೋಡು."

"ಕೊನೆ ಕಡೆ, ಭಾವ?"

ಕೊನೆ ಇದ್ದರೂ ಕೇಳುವಂತಿರಲಿಲ್ಲ. ಸ್ವರ ಉದ್ದವಾಗಿ ನಿಲ್ಲಲೆಂದು ಅದರ ನಡುವಿನ ಒಂದು ತುಣುಕು ಗಾಣದೆತ್ತಿನಂತೆ ಸುತ್ತುವ ಹಾಗೆ ಮಾಡಿರುತ್ತಾರೆ, ಲೂಪ್ ಅಂತ. ಸುತ್ತುವ ಎತ್ತು ಗಾಣ ಬಿಟ್ಟು ಮುಂದಕ್ಕೆ ಹೋಗುವುದಿಲ್ಲ. ಅದರಾಚೆ ಏನಿದ್ದರೂ ಯಂತ್ರ ಮುಟ್ಟುವುದಿಲ್ಲ. ಲೂಪ್ ತೆಗೆದರೆ ಮುಟ್ಟುತ್ತದೆ.

"ಬಾಲವನ್ನೂ ಕತ್ತರಿಸಿಯೇ ಇರ್ತೀನಿ. ಎಲ್ಲಾದರಲ್ಲೂ ಕತ್ತರಿಸ್ತಿದ್ದೆ."

"ನೋಡೋಣವಲ್ಲ."

"ನೋಡಿದ್ಮೇಲೆ ಇಲ್ಲ ಅಂತ ಗೊತ್ತಾಗುತ್ತಲ್ಲೋ." ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತರು, ಚಳಿ ಹತ್ತಿದವರಂತೆ. "ಸ್ವಲ್ಪ ಹೊತ್ತು ಹೀಗೇ ಇರ್ಲಿ."

ಸಾರು ಆರುತ್ತಿತ್ತು. ಅಕ್ಕ ಸ್ಲೇಟಿನಲ್ಲಿ ಏನನ್ನೋ ಬರೆಯಹೊರಟು, ಬರೆಯದೆ, ಅವರ ಒಂದು ಕೈಯನ್ನು ಕಂಕುಳಿನಿಂದ ಎಳೆದು ತೆಗೆದು ಯಂತ್ರದ ಮೇಲಿಟ್ಟಳು. ಭಾವ ಲೂಪನ್ನು ತೆಗೆದರು. ನಾನು ಫೋನನ್ನು ಸ್ಪೀಕರಿಗೆ ಹಿಡಿದು ರೆಕಾರ್ಡಿಂಗ್ ಶುರು ಮಾಡಿದೆ. ಅವರು ಕೀ ಒತ್ತಿದರು.

"ಆ..." ಸ್ವರ ಈ ಸಲ ಸುತ್ತಲಿಲ್ಲ. ಸಣ್ಣಗಾಯಿತು, ಮುಗಿಯಿತು. ಉಸಿರೊಂದು ಒಳಗೆ ಹೋಯಿತು, ಮೂಗಿನಿಂದ, ಅವಸರದ ಉಸಿರು. ಆಮೇಲೆ:

"ರೀ..."

ಅದು ತುಸು ಏರಿ, ಕೊನೆಯಲ್ಲಿ ಕೊಕ್ಕೆಯಂತೆ ಬಾಗುತ್ತಿತ್ತು. ನಾನೂ ಮರೆತಿದ್ದೆ. ಆದರೆ ಆ ಕೊಕ್ಕೆ ಪೂರ್ತಿ ಬಾಗುವ ಮುಂಚೆಯೇ ಅದರ ಮೇಲೆ ಬಿದ್ದು ಗಂಡಸೊಬ್ಬನ ದನಿ ಬಂತು. ಗಡುಸಾಗಿ, ಹಲ್ಲಿನ ಸಂದಿಯಿಂದ:

"ಶ್. ಮಾತಾಡ್ಬೇಡ. ಟೇಪ್ ಇನ್ನೂ ಓಡ್ತಿದೆ."

ಅಲ್ಲಿಗೆ ಮುಗಿಯಿತು.

ಮೊದಲು ಅಲುಗಿದ್ದು ಅಕ್ಕನ ಭುಜ. ಕತ್ತಿನ ಬಟ್ಟೆ ಪಟಪಟನೆ ಬಡಿದುಕೊಳ್ಳತೊಡಗಿತು. ಅವಳು ನಕ್ಕರೆ ಹಾಗೆಯೇ. ಬರೆದಳು: "ಆಗಲೂ ಇದೇ ಕಥೆ."

ಭಾವ ನಗಲಿಲ್ಲ. "ಏನ್ ಹೇಳೋಕೆ ಕರೆದೆ ಅವತ್ತು? ಯೋಚನೆ ಮಾಡು. ದಮ್ಮಯ್ಯ ಅಂತೀನಿ, ಏನ್ ಹೇಳ್ತಿದ್ದೆ?"

ಅಕ್ಕ ನಿಜವಾಗಿಯೂ ಯೋಚಿಸಿದಳು. ಬಳಪದ ತುದಿಯನ್ನು ಕೆನ್ನೆಗೆ ಒತ್ತಿಕೊಂಡು ಬಹಳ ಹೊತ್ತು ನಿಂತಳು. ಬರೆದಳು: "ಹಸಿವು ಅಂತಿರಬೇಕು. ಮಧ್ಯಾಹ್ನ ಆಗಿತ್ತು."

"ಈ ಬಾಯನ್ನ ಕತ್ತರಿಸ್ತೀನಿ," ಎಂದು ಭಾವ ಯಂತ್ರದೊಳಗಿನ ತಮ್ಮದೇ "ಶ್"ಗೆ ಬೆರಳು ತೋರಿಸಿ ಗುಂಡಿಗೆ ಕೈ ಹಾಕಿದರು. ಆಗಲಿಲ್ಲ. ಎರಡು ದನಿಗಳೂ ಒಂದರ ಮೇಲೊಂದು ಬಿದ್ದಿದ್ದವು. "ಶ್" ತೆಗೆದರೆ "ರೀ"ಯ ಕೊಕ್ಕೆಯೂ ಹೋಗುತ್ತಿತ್ತು. ಆ ಕೊಕ್ಕೆಯಿಲ್ಲದಿದ್ದರೆ ಅದು ಯಾರ "ರೀ" ಬೇಕಾದರೂ ಆದೀತು. ಅಕ್ಕ ಅವರ ಕೈಯನ್ನು ತಟ್ಟಿ ಸರಿಸಿ, ಸ್ಲೇಟನ್ನು ಮೂಗಿನ ಹತ್ತಿರ ಹಿಡಿದಳು: "ಇರ್ಲಿ. ನನಗೆ ಸಾಕ್ಷಿ ಬೇಕು."

ಹೊಸ ಫ್ಲಾಪಿಗೆ ಉಳಿಸಲು ನೋಡಿದರೆ ಯಂತ್ರ ಒಪ್ಪಲಿಲ್ಲ. ಹಳೆಯದನ್ನು ತೆಗೆದು ನೋಡಿದರೆ ತಟ್ಟೆಯ ಮೇಲೆ ಪುಡಿ ಉದುರಿ ಬೋಳು ಬಳೆಯೊಂದು ಮೂಡಿತ್ತು. ನನ್ನ ಫೋನಿನಲ್ಲಿದೆ ಭಾವ, ಎಂದು ಹೇಳಿದೆ. "ಇರ್ಲಿ," ಅಂದರು, ಸ್ವಿಚ್ ಮಾತ್ರ ಆರಿಸಲು ಬಿಡಲಿಲ್ಲ. ಆರಿಸಿದರೆ ಯಂತ್ರ ಅವಳನ್ನೂ ಮರೆಯುತ್ತಿತ್ತು. ನಾನೂ ಅಕ್ಕನೂ ಊಟಕ್ಕೆ ಎದ್ದೆವು.

ತಟ್ಟೆಯ ಮುಂದೆ ಕೂತರೆ ಒಳಗಿನಿಂದ ಕೇಳಿಬರುತ್ತಿತ್ತು. ಭಾವ ಈಗ ಬೇರೊಂದು ಉಪಾಯ ಹೂಡಿದ್ದರು. ಕೀಯಿಂದ ಬೆರಳು ಎತ್ತಿದರೆ ಸದ್ದು ನಿಲ್ಲುತ್ತದಲ್ಲ, "ಶ್" ಶುರುವಾಗುವ ಮುಂಚೆ ಎತ್ತಿಬಿಡುವುದು. "ಆ... ರೀ... ಶ್". ತಡವಾಯಿತು. "ಆ... ರ್". ಬೇಗವಾಯಿತು. ಬದುಕಿಡೀ ಕೂದಲೆಳೆಗೆ ಕತ್ತರಿಸಿದ ಬೆರಳಿಗೆ ಈಗ ಆ ಎಳೆ ಸಿಗುತ್ತಿರಲಿಲ್ಲ. ಪ್ರತಿ ಸಲವೂ ಅವಳು ಕರೆಯುತ್ತಿದ್ದಳು, ಪ್ರತಿ ಸಲವೂ ಇವರು ಬಾಯಿ ಮುಚ್ಚಿಸುತ್ತಿದ್ದರು. ಅಕ್ಕ ಚಪ್ಪಾಳೆ ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಅವರಿಗೆ ಕೇಳಿಸಲಿಲ್ಲ. ಹೆಂಡತಿ ಕರೆಯುವುದನ್ನು ಕೇಳುವುದರಲ್ಲಿ ಮುಳುಗಿದ್ದರು.

ಅವಳು ಕೈ ಒರೆಸಿಕೊಂಡು ಎದ್ದು ಹೋದಳು. ನಾನು ಕೂತಲ್ಲಿಂದಲೇ ಬಾಗಿಲಲ್ಲಿ ಇಣುಕಿದೆ. ಅವಳು ಕುರ್ಚಿಯ ಹಿಂದೆ ನಿಂತಿದ್ದಳು. ಭಾವ ಕೀ ಒತ್ತಿದರು. "ಆ" ಮುಗಿಯಿತು. ಉಸಿರು ಒಳಗೆ ಹೋಯಿತು. "ರೀ" ಅನ್ನುತ್ತಿದ್ದಂತೆ ಅಕ್ಕ ಹಿಂದಿನಿಂದ ಕೈ ಚಾಚಿ ಅವರ ಬಾಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿದಳು.

ಯಂತ್ರ ಮಾತ್ರ ತಾನು ಹೇಳಬೇಕಾದ್ದನ್ನು ಹೇಳಿಯೇ ಬಿಟ್ಟಿತು.