ಶೇವಂತಿಯ ಕರಿ ಪಟ್ಟಿ

ಬನಹಟ್ಟಿಯ ನೇಕಾರ ಬಸಗೊಂಡಪ್ಪನ ಮನೆಯಲ್ಲಿ ನಾನು ಭಾನುವಾರಗಳಂದು ಲೋಕದ ಇತಿಹಾಸ ಹೇಳುತ್ತಿದ್ದೆ. ನಾನು ಕ್ರೈಸ್ತ ಮಾಸ್ತರ. ಬಾಬಿಲೋನಿನಿಂದ ಕಾನ್‌ಸ್ಟಾಂಟಿನೋಪಲ್‌ವರೆಗೆ ನನ್ನದು ಒಂದೇ ಮಾತು: ಸೊಕ್ಕಿ ಮೆರೆದ ರಾಜ್ಯವನ್ನು ದೇವರು ಕೆಡವುತ್ತಾನೆ. ಬಸಗೊಂಡಪ್ಪನ ಹೆಂಡತಿ ಶೇವಂತಿಗೆ ಓದಲು ಬರುತ್ತಿರಲಿಲ್ಲ. ಬಿದ್ದ ಒಂದೊಂದು ರಾಜ್ಯಕ್ಕೂ ಆಕೆ ಮಗ್ಗದ ಮೇಲೆ ಒಂದೊಂದು ಬಣ್ಣದ ಪಟ್ಟಿ ನೇಯ್ದು ನೆನಪಿಡುತ್ತಿದ್ದಳು.

೧೯೫೫ರ ಆ ಭಾನುವಾರ ಕೊನೆಯ ಪಾಠ. ಎದುರು ಮನೆಗೆ ಹೊಸದಾಗಿ ಬಂದ ಪವರ್‌ಲೂಮಿನ ಸದ್ದಿಗೆ ನನ್ನ ಮಾತು ನನಗೇ ಕೇಳಿಸದೆ ಸಿಟ್ಟು ನೆತ್ತಿಗೇರಿತ್ತು. ಕಾನ್‌ಸ್ಟಾಂಟಿನೋಪಲ್ ಬಿದ್ದ ಕಥೆ ಹೇಗೋ ಮುಗಿಸಿದೆ. ಶೇವಂತಿ ಅದರ ಪಟ್ಟಿ ನೇಯ್ದು, ಮುಂದಕ್ಕೆ ಕರಿ ನೂಲಿನ ಇನ್ನೊಂದನ್ನು ನೇಯತೊಡಗಿದಳು.

"ಪಾಠ ಮುಗೀತಲ್ಲ ಶೇವಂತವ್ವ, ಇದ್ಯಾವ ರಾಜ್ಯ?" ಗದರಿದೆ.

"ನಮ್ಮ ಕೈಮಗ್ಗದ್ದರಿ." ಆಕೆ ತಲೆ ಎತ್ತಲಿಲ್ಲ. "ಆದ್ರ ನಾವು ಯಾವಾಗ ಮೆರದಿದ್ವಿರಿ, ಮಾಸ್ತರ?"

ನಾನು ಕೈಯಲ್ಲಿದ್ದ ಇತಿಹಾಸದ ಪುಸ್ತಕ ಮುಚ್ಚಿದೆ.

ಬಟ್ಟೆ ಕೊಯ್ಯುವಾಗ ಹಳೆ ಎಳೆಗಳ ತುದಿಯನ್ನು ಮಗ್ಗದಲ್ಲೇ ಉಳಿಸುತ್ತಾರೆ. ಮುಂದಿನ ಬಟ್ಟೆಯ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಅದಕ್ಕೇ ಗಂಟು ಹಾಕಿ ಎಳೆಯಬೇಕು; ಇಲ್ಲವಾದರೆ ಮಗ್ಗ ನಿಂತಂತೆಯೇ. ಶೇವಂತಿ ಕತ್ತರಿ ಹಿಡಿದು ಮಗ್ಗದ ಹಿಂದಕ್ಕೆ ಹೋದಳು. ಒಂದೆಳೆಯನ್ನೂ ಉಳಿಸದೆ ಕೊಯ್ದುಬಿಟ್ಟಳು.

ಬಸಗೊಂಡಪ್ಪ ನೋಡುತ್ತಲೇ ಇದ್ದ. ತಡೆಯಲಿಲ್ಲ.